ಬಿದ್ದು ನೋಡುವವರು

ಗೊರೂರಿನ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯ ಯಜಮಾನರು ಏಣಿಯಾಗಲಿ, ಸ್ಕೂಟರಾಗಲಿ, ಏನೇ ಕೊಳ್ಳುವಾಗಲೂ "ಬಿದ್ರೆ?" ಎಂದೇ ಕೇಳುತ್ತಿದ್ದರು.

ಮೀನು ಹಿಡಿಯಲು ಮೊದಲ ಕಯಾಕ್ ದೋಣಿ ಕೊಳ್ಳುವಾಗಲೂ ಅದೇ. ಇಲ್ಲಿಯ ಹಿನ್ನೀರಿಗೂ ಆಗಬೇಕು, ರಜದಲ್ಲಿ ಮಲ್ಪೆಯ ಸಮುದ್ರಕ್ಕೂ ಆಗಬೇಕು. ಮಾರುವವನು ಹಿನ್ನೀರಿನ ದಡಕ್ಕೆ ಉದ್ದದ್ದೊಂದು, ಅಗಲದ್ದೊಂದು ತಂದಿದ್ದ.

"ಉದ್ದದ್ದು ಬಾಣದಂಗೆ ಓಯ್ತದೆ ಸಾ."

"ಬಿದ್ರೆ?"

ಲೈಫ್ ಜಾಕೆಟ್ ಬಿಗಿದು, ಉದ್ದದ್ದನ್ನು ಆಳಕ್ಕೆ ಒಯ್ದು, ಬೇಕೆಂದೇ ಮಗುಚಿಕೊಂಡರು. ಹತ್ತಲು ಹೋದಾಗಲೆಲ್ಲ ಅದು ಮತ್ತೆ ಮಗುಚಿತು. ಗಾಳಿ ಜೋರಾಗಿ ದೋಣಿಯ ಸಮೇತ ಅವರನ್ನು ದೂರ ತಳ್ಳತೊಡಗಿತು.

"ಅದ್ನ ಬಿಟ್ಬುಟ್ಟು ಈಜ್ಕಂಡ್ ಬನ್ರೀ!" ಅವರ ಹೆಂಡತಿ ದಡದಿಂದ ಕಿರುಚಿದರು.

ಬಿಡಲಿಲ್ಲ. ದೋಣಿ ಹಿಡಿದೇ ಕಾಲು ಬಡಿಯುತ್ತ ಅಂತೂ ದಡ ಮುಟ್ಟಿದರು. ತುಟಿ ನೀಲಿಗಟ್ಟಿತ್ತು.

"ಅಗಲದ್ದೇ ತಕಳಿ ಸಾ, ಮುಗೀತು," ಎಂದ ಮಾರುವವನು.

"ಇದ್ರಲ್ಲೂ ಬೀಳ್ದೆ ಎಂಗಯ್ಯ ತಕಳಾದು?" ಎನ್ನುತ್ತ ಅವರು ಅಗಲದ್ದನ್ನು ನೀರಿಗೆಳೆದರು.