ಕೇಬಲ್ಲಿನ ಪಾಲು

ವೈಟ್‌ಫೀಲ್ಡಿನ ನಮ್ಮ ಲ್ಯಾಬಿನಲ್ಲಿ ಚಿಪ್‌ಗಳ ವೇಗ ಅಳೆಯುವ ಮೇಡಂ ಒಬ್ಬರಿದ್ದರು. ಅಳೆಯಲು ಜೋಡಿಸುವ ಕೇಬಲ್ಲೂ ಸಿಗ್ನಲ್ಲನ್ನು ಚೂರು ತಡಮಾಡುತ್ತದೆ. ಅಳೆದ ಸಮಯದಿಂದ ಅಷ್ಟನ್ನು ಕಳೆದರೇನೇ ಚಿಪ್‌ನ ನಿಜವಾದ ವೇಗ ಸಿಗುವುದು. ಯಾರೇ ಅವಸರ ಮಾಡಲಿ, ಕಣ್ಣುಜ್ಜಿಕೊಂಡು, "ತಡೀರಪ್ಪಾ, ಕೇಬಲ್ ಪಾಲು ಕಳೀತೀನಿ" ಎನ್ನುತ್ತಿದ್ದರು.

ಚಿಪ್ ವೇಗದ ಗುರಿ ಮುಟ್ಟದಿದ್ದರೆ ನಮ್ಮ ಪ್ರಾಜೆಕ್ಟ್ ಮುಚ್ಚುತ್ತಾರೆ ಎಂದಿತ್ತು. ಒಂದು ಮಧ್ಯಾಹ್ನ ಚಿಪ್ ಮುಟ್ಟಿಯೇ ಬಿಟ್ಟಿತು. ಮ್ಯಾನೇಜರ್ ಮುಖ್ಯ ಕಚೇರಿಗೆ ಫೋನಿನಲ್ಲಿ ಹೇಳಿಯೂ ಆಯಿತು. ಆಗ ಮೇಡಂ ಕುಗ್ಗಿದ ದನಿಯಲ್ಲಿ, "ಸಾರ್, ಊಟಕ್ಕೆ ಮುಂಚೆ ಗಿಡ್ಡ ಕೇಬಲ್ ಹಾಕ್ದೆ. ಕಳೆದಿರೋದು ಹಳೇ ಉದ್ದದ್ದರ ಪಾಲು. ಜಾಸ್ತಿ ಕಳೆದಿದ್ದಕ್ಕೇ ಚಿಪ್ ಅಷ್ಟು ವೇಗ ಕಂಡಿದ್ದು" ಎಂದರು.

"ಬಿಡಿ ಮೇಡಂ, ಯಾರ್ ನೋಡ್ತಾರೆ?" ಎಂದರು ಮ್ಯಾನೇಜರ್.

"ಕೊಂಡ್ಕೊಂಡೋರು ಅಳೀತಾರೆ ಸಾರ್."

ಮತ್ತೆ ಅಳೆದರು. ಗುರಿ ತಪ್ಪಿತ್ತು. ಮುಖ್ಯ ಕಚೇರಿಗೆ ತಿಳಿಸಲು ನಾವ್ಯಾರೂ ಮುಂದಾಗಲಿಲ್ಲ. ಮೇಡಂ ಒಂದು ಗುಟುಕು ನೀರು ಕುಡಿದು, ತಾವೇ ಫೋನ್ ಎತ್ತಿಕೊಂಡರು.