ಗಂಗುಲಮ್ಮನ ಮುದ್ದೆಕೋಲು

ಚಿನ್ನದ ಗಣಿಯ ಊರಾದ ಊರಿಗಾಂನ ನಮ್ಮ ಹೆಣ್ಣುಮಕ್ಕಳ ಹಾಸ್ಟೆಲಿನ ಅಡುಗೆಯವಳು ಗಂಗುಲಮ್ಮನಿಗೆ ಇನ್ನೂ ಹದಿನಾರು. ಆದರೆ ಅವಳು ಮುದ್ದೆಕೋಲು ಹಿಡಿದಳೆಂದರೆ ಗಣಿಯ ದೊರೆಯೂ ಎರಡು ಹೆಜ್ಜೆ ಹಿಂದೆ ಸರಿಯಬೇಕು. ಗಣಿಯ ಸೈರನ್ ಕೂಡ ಅವಳ ಎಸರು ಕುದಿಯುವುದನ್ನು ನೋಡಿಕೊಂಡೇ ಕೂಗುತ್ತದೆಂದು ನಮ್ಮ ನಂಬಿಕೆ. ಮುದ್ದೆ ತಿರುವುವಾಗ ಯಾರಾದರೂ ಮಾತಾಡಿಸಿದರೆ, "ಸುಮ್ಕಿರ್ರೇ, ಗಂಟಾಗ್ತೈತೆ!" ಎಂದು ಗದರುತ್ತಾಳೆ. ಬಂದ ಹೊಸದರಲ್ಲಿ ಇವಳ ಮುದ್ದೆಯ ತುಂಬ ಗಂಟೇ. ಆಗ ಹಾಸ್ಟೆಲು ನೋಡಿಕೊಳ್ಳುವ ಅನಸೂಯಮ್ಮ ಟೀಚರು ಸೆರಗು ಸಿಕ್ಕಿಸಿ, ಇವಳ ಕೈಮೇಲೆ ತಮ್ಮ ಕೈಯಿಟ್ಟು ಕೋಲು ತಿರುವಿಸಿದರು. ಮುಂದಿನ ತಿಂಗಳು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಹೇಳಿಕೊಟ್ಟರು, ಆಮೇಲೆ ಜಗಲಿಯ ಬೆಂಚಿನಿಂದಲೇ, "ಎಸರು ಏನಂತೈತೆ ಗಂಗುಲೂ?" ಎನ್ನುವರು. "ಇನ್ನೂ ಗೊಣಗ್ತಾ ಐತೆ ಟೀಚರಮ್ಮಾ!" ಎಂದು ಇವಳು ಒಳಗಿನಿಂದ ಕೂಗುವಳು. ಮೊದಲ ತುತ್ತು ಮಾತ್ರ ಟೀಚರದೇ. ಅವರು ನುಂಗಿ ತಲೆಯಾಡಿಸದೆ ನಮಗೆ ಬಡಿಸುವಂತಿರಲಿಲ್ಲ. ಮೊನ್ನೆ ಇವಳು ತಟ್ಟೆ ತಂದರೆ, ಟೀಚರು ಎದ್ದುಹೋಗಿ ನಮ್ಮ ಸಾಲಿನ ಕೊನೆಯಲ್ಲಿ ಕೂತರು. "ರುಚಿ ನೋಡಲ್ವಾ ಟೀಚರಮ್ಮಾ?" "ನೀನು ಮಾಡಿದ್ಮೇಲೆ ನಾನೇನು ನೋಡೋದು? ಮಕ್ಕಳಿಗೆ ಬಡಿಸು." ಗಂಗುಲಮ್ಮ ಸಾಲುದ್ದಕ್ಕೂ ಬಡಿಸುತ್ತಾ ಬಂದಳು. ಕೊನೆಯ ತಟ್ಟೆಗೆ ಬಿದ್ದ ಮುದ್ದೆ ನಮ್ಮೆಲ್ಲರದಕ್ಕಿಂತ ದೊಡ್ಡದಿತ್ತು. ಟೀಚರು ತುತ್ತು ಮುರಿದಾಗ ಅವಳು ತಿರುಗಿಯೂ ನೋಡಲಿಲ್ಲ. ನೇರ ಒಳಗೆ ಹೋಗಿ, ನಾಳೆಯ ರಾಗಿಹಿಟ್ಟು ಜರಡಿ ಹಿಡಿಯತೊಡಗಿದಳು.