ಬಾಟಲಿ ಮೇಲೆ ಬರೆದ ಎರಡು ಟೈಮು

ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಅಪ್ಪ ತೆಂಗಿನಕಾಯಿ ಸುಲಿದು, ಅವ್ವ ಹಾಸ್ಟೆಲಿನಲ್ಲಿ ಅಡುಗೆ ಮಾಡಿ ಓದಿಸಿದ ಬಿ.ಎಸ್ಸಿ. ನರ್ಸಿಂಗ್ ಅದು. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಚಿತ್ರದುರ್ಗದ ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ಕೆಲಸ ಸಿಕ್ಕಿತು. ಆರು ತಿಂಗಳು ಪ್ರೊಬೇಷನ್, ಆಮೇಲೆ ಕಾಯಂ ಅಂದರು. ಅಪ್ಪ ದಿನ ಎಣಿಸುತ್ತಿದ್ದರು.

ಐಸಿಯುನ ಇನ್‌ಚಾರ್ಜ್ ಸಿಸ್ಟರ್ ಹೊಸದುರ್ಗದವರು. ನಾನು ಅಕ್ಕ ಅಂತಿದ್ದೆ. ಬೆಳಗಿನ ಬಸ್ಸು ನಮ್ಮ ಹೊಳಲ್ಕೆರೆಗೆ ಬರುವ ಹೊತ್ತಿಗೆ ಕಾಲಿಡಲು ಜಾಗ ಇರುತ್ತಿರಲಿಲ್ಲ. ಆದರೆ ಅಕ್ಕನ ಪಕ್ಕದ ಸೀಟಿನ ಮೇಲೆ ಅವರ ಬ್ಯಾಗು ಕೂತಿರುತ್ತಿತ್ತು, ನನಗಾಗಿ. "ಬಾರೇ, ಕುಂತ್ಕ. ಡಬ್ಬಿಗೆ ಏನ್ ತಂದೀಯ?" ನರ ಸಿಗದ ಮುದುಕರ ಕೈಗೆ ಸೂಜಿ ಹಾಕೋದು ಕಲಿಸಿದ್ದೂ ಅವರೇ.

ನಮ್ಮಲ್ಲೊಂದು ರೂಢಿ ಇತ್ತು. ಬೆಳಗಿನ ಪಾಳಿಯವರು ಬಂದ ಕೂಡಲೇ ಮಧ್ಯಾಹ್ನ ಎರಡಕ್ಕೆ ಕೊಡಬೇಕಾದ ಆಂಟಿಬಯೋಟಿಕ್ಕುಗಳನ್ನೂ ಸಲೈನಿಗೆ ಕಲಸಿ, ಕಿಟಕಿ ಪಕ್ಕದ ಟ್ರೇಯಲ್ಲಿ ಸಾಲಾಗಿ ಇಟ್ಟುಬಿಡುತ್ತಿದ್ದರು. ಲೇಬಲ್ಲಿನ ಮೇಲೆ ಕೊಡುವ ಟೈಮು ಮಾತ್ರ. ಕಲಸಿದ ಟೈಮು ಯಾರೂ ಬರೆಯುತ್ತಿರಲಿಲ್ಲ.

ಅವುಗಳಲ್ಲಿ ಮೆರೊಪೆನಮ್ ಅನ್ನುವ ಆಂಟಿಬಯೋಟಿಕ್ಕು ಹಾಗೆ ಕಲಸಿಡುವ ಔಷಧಿಯಲ್ಲ. ನೀರು ತಾಕಿತೋ, ಶಕ್ತಿ ಇಳಿಯಲು ಶುರು. ಸೆಕೆಯಲ್ಲಿ ಇನ್ನೂ ಬೇಗ. ಕೆಲವು ಔಷಧಿಗಳು ತಮಗಾಗದ ಇನ್ನೊಂದರ ಜೊತೆ ಒಂದೇ ಪೈಪಿನಲ್ಲಿ ಸೇರಿದರೆ ಸುಣ್ಣದ ನೀರಿನ ಹಾಗೆ ಬೆಳ್ಳಗಾಗಿ ತಾವೇ ತೋರಿಸಿಕೊಡುತ್ತವೆ. ಮೆರೊಪೆನಮ್ ಹಾಗಲ್ಲ, ಶಕ್ತಿ ಹೋದರೂ ಕಣ್ಣಿಗೆ ಹೆಚ್ಚುಕಮ್ಮಿ ಮೊದಲಿನ ಹಾಗೇ ಇರುತ್ತದೆ.

"ಅಕ್ಕಾ, ಇದನ್ನ ಕೊಡೋ ಮುಂಚೆ ಕಲಸ್ಬೇಕು. ಇಷ್ಟೊತ್ತು ಇಟ್ರೆ ತಾಕತ್ತು ಇರಲ್ಲ" ಅಂದೆ.

"ಹೌದಾ, ಡಿಗ್ರಿ ಮೇಡಂ? ಎರಡಕ್ಕೆ ಪಾಳಿ ಬದಲಾಗೋ ಗದ್ದಲದಾಗೆ ನಿಮ್ ಪ್ರಿನ್ಸಿಪಾಲ್ರು ಬಂದು ಕಲಸ್ತಾರೇನು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ನನ್ನ ಬೆಡ್ಡಿನವರದ್ದನ್ನು ಕೊಡುವ ಹೊತ್ತಿಗೇ ಕಲಸಿ, ಲೇಬಲ್ಲಿಗೆ ಎರಡೂ ಟೈಮು ಬರೆಯುತ್ತಿದ್ದೆ.

ಪ್ರೊಬೇಷನ್ ಮುಗಿಯಲು ವಾರವಿತ್ತು. ತುರುವನೂರು ಕಡೆಯ ಹೆಂಗಸೊಬ್ಬರಿಗೆ ಕಿಡ್ನಿಯ ಸೋಂಕು ರಕ್ತಕ್ಕೆ ಏರಿತ್ತು. ಮೂರು ದಿನ ಮೆರೊಪೆನಮ್ ಕೊಟ್ಟರೂ ಜ್ವರ ಇಳಿದಿರಲಿಲ್ಲ. ಅವತ್ತು ಅವರ ಬೆಡ್ಡು ನನಗೆ ಬಂತು. ಬೆಳಿಗ್ಗೆಯೇ ಒಟ್ಟಿಗೆ ಎರಡು ಅಡ್ಮಿಷನ್.

"ಲೇ, ಎರಡು ಗಂಟೇದೂ ಈಗ್ಲೇ ಕಲಸಿಟ್ಟು ಇತ್ಲಾಗೆ ಬಾ."

"ಅಕ್ಕಾ, ಅದು..."

"ನಾನು ಹೇಳ್ತಿದೀನಲ್ಲ. ಏನಾದ್ರೂ ಆದ್ರೆ ನಾನಿದೀನಿ."

ಕಲಸಿದೆ. ಆದರೆ ಕೈ ತನ್ನ ಅಭ್ಯಾಸ ಬಿಡಲಿಲ್ಲ. ಕಲಸಿದ್ದು 8:10, ಕೊಡುವುದು 2:00 ಅಂತ ಬರೆಯಿತು.

ಎರಡಕ್ಕೆ ಬಾಟಲಿ ನೇತುಹಾಕುವಾಗಲೇ ಡಾಕ್ಟರು ಬಂದರು. ಲೇಬಲ್ ಓದಿದರು.

"ಬೆಳಿಗ್ಗೆ ಎಂಟು ಗಂಟೇದಾ ಇದು? ಜ್ವರ ಹೆಂಗೆ ಇಳಿಯುತ್ತೆ? ಯಾರು ಕಲಸಿದ್ದು?"

ನಾನು ಅಕ್ಕನ ಮುಖ ನೋಡಿದೆ. ಅಕ್ಕ ಮಾನಿಟರ್ ನೋಡುತ್ತಿದ್ದರು.

"ಹೊಸಬರು ಸರ್. ಕೊಡೋ ಹೊತ್ತಿಗೇ ಕಲಸ್ರಿ, ಕೊಡೋ ಹೊತ್ತಿಗೇ ಕಲಸ್ರಿ ಅಂತ ಬಡ್ಕಂತೀನಿ. ಡಿಗ್ರಿ ಓದಿರೋರು, ನಮ್ ಮಾತು ಎಲ್ಲಿ ಕೇಳ್ತಾರೆ?"

ಡಾಕ್ಟರು ಟ್ರೇಯಲ್ಲಿದ್ದ ಬೇರೆ ಬಾಟಲಿಗಳನ್ನೂ ತಿರುಗಿಸಿ ನೋಡಿದರು. ಅವೂ ಬೆಳಿಗ್ಗೆ ಅದೇ ಹೊತ್ತಿಗೆ ಕಲಸಿದವು. ಅವುಗಳ ಮೇಲೆ ಕಲಸಿದ ಟೈಮೇ ಇರಲಿಲ್ಲ. ಹಾಗಾಗಿ ತಪ್ಪೂ ಇರಲಿಲ್ಲ. ಸಿಕ್ಕಿಬಿದ್ದಿದ್ದು ನಿಜ ಬರೆದಿದ್ದ ಬಾಟಲಿ ಒಂದೇ.

"ಅಕ್ಕ ಹೇಳಿದ್ದಕ್ಕೇ ಕಲಸಿದ್ದು ಸರ್" ಅಂದೆ.

"ಹೇಳಿದ್ರೆ ವಿಷಾನೂ ಕಲಸ್ತೀಯಾ?"

ಬಾಟಲಿ ಇಳಿಸಿ, ಹೊಸದು ಕಲಸಿದೆ. ಗೊತ್ತಿಲ್ಲದೆ ಮಾಡಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಪ್ರೊಬೇಷನ್ ಇನ್ನೂ ಆರು ತಿಂಗಳು ಮುಂದಕ್ಕೆ ಹೋಯಿತು. ಮನೆಯಲ್ಲಿ ಅಪ್ಪ ಕೇಳಿದಾಗ "ಎಲ್ಲರಿಗೂ ಹಂಗೇ ಮಾಡ್ಯಾರೆ" ಅಂತ ಸುಳ್ಳು ಹೇಳಿದೆ.

ಅವತ್ತಿನಿಂದ ಔಷಧಿ ಕೊಡುವ ಹೊತ್ತಿಗೇ ಕಲಸಿ ಕೊಟ್ಟೆವು. ಎರಡು ದಿನದಲ್ಲಿ ಜ್ವರ ಇಳಿಯಿತು. ಅದರಿಂದಲೇ ಇಳಿಯಿತು ಅನ್ನಲು ನಾನು ಡಾಕ್ಟರಲ್ಲ. ಆ ಹೆಂಗಸಿನ ಮಗಳು ಬಾಳೆಹಣ್ಣು ತಂದು ಅಕ್ಕನ ಕೈಗಿಟ್ಟು, "ನಿಮ್ಮಿಂದ ನಮ್ಮವ್ವನ ಜೀವ ಉಳೀತ್ರಿ" ಅಂದಳು. ಟ್ರೇಯ ಮೇಲಿನ ಗೋಡೆಗೆ ಹೊಸ ಚೀಟಿಯೊಂದು ಅಂಟಿತ್ತು: ಕಲಸಿದ ಟೈಮು, ಕೊಡುವ ಟೈಮು, ಎರಡೂ ಕಡ್ಡಾಯ. ಅಕ್ಕನ ದುಂಡನೆ ಅಕ್ಷರ.

ಅವತ್ತು ಊರಿಗೆ ಹೋಗುವ ಬಸ್ಸಿನಲ್ಲೂ ಪಕ್ಕದ ಸೀಟಿನ ಮೇಲೆ ಅವರ ಬ್ಯಾಗಿತ್ತು.

"ಕುಂತ್ಕ ಬಾರೇ. ನಂದಿನ್ನು ಎರಡೇ ವರ್ಷ ಸರ್ವಿಸ್ ಐತೆ. ನಿನಗೆ ವಯಸ್ಸೈತೆ, ತಡ್ಕಂತೀಯ ಅಂತ..." ಬಾಳೆಹಣ್ಣೊಂದನ್ನು ಮುಂದೆ ಹಿಡಿದರು.

"ಬ್ಯಾಗು ಅಲ್ಲೇ ಇರ್ಲಿ ಬಿಡ್ರಿ, ಸಿಸ್ಟರ್" ಅಂದೆ. ಅಕ್ಕ ಅನ್ನೋದು ಬಾಯಿಗೆ ಬರಲಿಲ್ಲ.

ಹೊಳಲ್ಕೆರೆವರೆಗೂ ಕಂಬಿ ಹಿಡಿದು ನಿಂತೇ ಬಂದೆ.